ಡಿಸೆಂಬರ್ 31ರ ರಾತ್ರಿ: ಪಂಚತಾರಾ ಹೋಟೆಲಿಗೆ ಎರಡು ಬಾಗಿಲು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೋಟೆಲ್ ಎಂದರೆ ಬಸ್ ಸ್ಟ್ಯಾಂಡ್ ಎದುರಿನ ಚಹಾ, ಬೆಳಗಿನ ಇಡ್ಲಿ, ಸಂಜೆಯ ಮಿರ್ಚಿ ಭಜಿ. ಊಟಕ್ಕೆ ಖಾನಾವಳಿಯೇ ಬೇರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೊಂದಿಷ್ಟು ಗಟ್ಟಿ ಮೊಸರು. ಖಾನಾವಳಿಯವರು ಬಾಗಿಲು ಎಳೆದರೆಂದರೆ ಊರಿಗೆ ಊರೇ ಮಲಗಿದ ಹಾಗೆ. ರಾತ್ರಿಯಿಡೀ ಎಚ್ಚರವಿರುವುದೇನಿದ್ದರೂ ಜಾತ್ರೆಯ ನಾಟಕಕ್ಕೆ, ಬಯಲಾಟಕ್ಕೆ. ರಜೆಯಲ್ಲಿ ಬಣ್ಣದ ದೀಪ ನೋಡಬೇಕೆಂದರೆ ಆಲಮಟ್ಟಿಯ ಸಂಗೀತ ಕಾರಂಜಿ ಇದೆ.

ಇಂಥ ಊರಿಂದ ಪಿಯುಸಿ ಮುಗಿಸಿದ ಹುಡುಗ, ಹುಡುಗಿ ಬೆಂಗಳೂರಿಗೆ ಹೋಗುತ್ತಾರೆ. ಇಂಡಿ, ಬಾಗೇವಾಡಿಯವರಿಗೆ ಊರಿನ ಹೆಸರಿನದೇ ರೈಲು ನಿಲ್ದಾಣವುಂಟು. ಸಿಂದಗಿ, ಮುದ್ದೇಬಿಹಾಳದವರಿಗೆ ರೈಲೇ ಇಲ್ಲ, ರಾತ್ರಿ ಬಸ್ಸೇ ಗತಿ. ಡಿಸೆಂಬರ್ ಬಂತೆಂದರೆ ಹಾಸ್ಟೆಲಿನಲ್ಲಿ ಒಂದೇ ಮಾತು: ‘ನ್ಯೂ ಇಯರ್ ಪಾರ್ಟಿ ಎಲ್ಲಿ?’ ಊರಲ್ಲಿ ತಾಯಿ-ತಂದೆಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾದರೆ ಆ ಹೋಟೆಲುಗಳ ಒಳಗೆ ನಡೆಯುವುದೇನು?

ಬೆಂಗಳೂರಿನ ಬೆಡಗಿನ ಹೋಟೆಲುಗಳಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಶುರುವಾದದ್ದು 1887ರಲ್ಲಿ, ಬ್ರಿಟಿಷರಿಗಾಗಿ, ಸಣ್ಣದೊಂದು ವಸತಿಗೃಹವಾಗಿ. 1971ರಲ್ಲಿ ಸರ್ಕಾರವೇ ಅಶೋಕ ಹೋಟೆಲ್ ಕಟ್ಟಿಸಿ ತೆರೆಯಿತು. 1982ರಲ್ಲಿ ವಿಂಡ್ಸರ್ ಮ್ಯಾನರ್, 2001ರಲ್ಲಿ ಮೈಸೂರು ಅರಮನೆಯ ಛಾಯೆಯಲ್ಲಿ ಲೀಲಾ ಪ್ಯಾಲೇಸ್ ಬಂದವು. ಮೈಸೂರಿನ ಲಲಿತ ಮಹಲಂತೂ 1921ರಲ್ಲಿ ವೈಸರಾಯ್ ಇಳಿದುಕೊಳ್ಳಲೆಂದು ಕಟ್ಟಿದ ಅರಮನೆ, ಹೋಟೆಲಾದದ್ದು 1974ರಲ್ಲಿ. ಈ ನಕ್ಷತ್ರಗಳನ್ನು ಯಾರೂ ತಾವೇ ಅಂಟಿಸಿಕೊಳ್ಳುವಂತಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಬಂದು ಕೋಣೆ, ಅಡುಗೆಮನೆ, ಸುರಕ್ಷತೆ ಎಲ್ಲವನ್ನೂ ನೋಡಿ ಒಂದರಿಂದ ಐದರವರೆಗೆ ತಾರೆ ಕೊಡುತ್ತದೆ.

ಹಬ್ಬದ ತಯಾರಿ ಡಿಸೆಂಬರಿನಲ್ಲಿ ಶುರುವಾಗುವುದಿಲ್ಲ. ಅಕ್ಟೋಬರ್-ನವೆಂಬರಿನಲ್ಲೇ ದೊಡ್ಡ ಮೇಜಿನ ಮೇಲೆ ಒಣದ್ರಾಕ್ಷಿ, ಗೋಡಂಬಿ, ಚೆರ್ರಿ, ಶುಂಠಿ ಸುರಿದು, ರಮ್ಮು-ವೈನು ಹೊಯ್ದು ಕಲಸುತ್ತಾರೆ. ಅದು ವಾರಗಟ್ಟಲೆ ನೆನೆದು ಕ್ರಿಸ್‌ಮಸ್ ಕೇಕಿಗೆ ಸೇರುತ್ತದೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿ ಭರಣಿ ಕಟ್ಟಿಡುವುದಿಲ್ಲವೇ, ಹಾಗೆ. 31ರ ರಾತ್ರಿ ಬಫೆ ಊಟ, ಡಿ.ಜೆ. ಸಂಗೀತ, ಕುಣಿತ, ಹನ್ನೆರಡಕ್ಕೆ ಬಲೂನು. ಟಿಕೀಟು ತಲೆಗೆ ಸಾವಿರಗಳ ಲೆಕ್ಕ. ಜೋಡಿಗೊಂದು ದರ, ಒಂಟಿ ಗಂಡಸಿಗೆ ಇನ್ನೊಂದು. ಎಷ್ಟೋ ಕಡೆ ಒಂಟಿ ಗಂಡಸಿಗೆ ಪ್ರವೇಶವೇ ಇಲ್ಲ. ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಪಾರ್ಟಿಗಳು ಮುಚ್ಚಿದ ಹಾಲ್‌ನೊಳಗೇ ನಡೆಯಲು ಇದೂ ಒಂದು ಕಾರಣ.

ವಿದ್ಯಾರ್ಥಿಗಳು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ರಾಜ್ಯದ ಅಬಕಾರಿ ನಿಯಮದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಬಿದ್ದಿತ್ತು. ವಿರೋಧ ಎದ್ದಮೇಲೆ ಸರ್ಕಾರ ಕೈಬಿಟ್ಟಿತು. ಅಂದರೆ ಪದವಿಯ ಮೊದಲ ವರ್ಷದ ಹುಡುಗ ಯಾರದೋ ಗುರುತುಪತ್ರ ಹಿಡಿದು ಒಳಹೊಕ್ಕರೆ ಸಿಕ್ಕಿಬೀಳುವುದು ಅವನೇ. ಎರಡನೆಯದು ಬಿಲ್ಲು. ಅದರಲ್ಲಿ ಸರ್ವಿಸ್ ಚಾರ್ಜ್ ಎಂದು ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ತೆಗೆಯಿರಿ’ ಎಂದು ಕೇಳಲು ನಾಚಿಕೆ ಬೇಡ.

ಪಾಲಕರ ಭಯ ಹೋಟೆಲಿನ ಮೇಲಿದೆ. ನನಗೇನೋ ಹೋಟೆಲಿಗಿಂತ ಬೀದಿಯದೇ ಚಿಂತೆ. ಹೋಟೆಲಿನ ಒಳಗೆ ಕಾವಲಿದೆ, ಕ್ಯಾಮೆರಾ ಇದೆ, ಹೇಳಿ ಕೇಳುವವರಿದ್ದಾರೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳದ ದೂರುಗಳು ದೇಶದಾದ್ಯಂತ ಸುದ್ದಿಯಾದವು. ಆಮೇಲೆ ಬಂದೋಬಸ್ತು ಬಿಗಿಯಾಗಿದೆ, ಆ ರಾತ್ರಿ ಮೇಲುಸೇತುವೆಗಳನ್ನು ಮುಚ್ಚುತ್ತಾರೆ. ಆದರೂ ನಡುರಾತ್ರಿ ಆಟೋ ಸಿಗದೆ, ಫೋನಿನ ಚಾರ್ಜು ಮುಗಿದು, ಗೆಳೆಯರ ಬೈಕಿನಲ್ಲಿ ಮೂರನೆಯವನಾಗಿ ಹಾಸ್ಟೆಲಿಗೆ ಮರಳುವುದೇ ನಿಜವಾದ ಅಪಾಯ. ಹೋಗಬೇಡ ಎಂದು ಗದರಿದರೆ ಮಕ್ಕಳು ಹೇಳದೇ ಹೋಗುತ್ತಾರೆ. ‘ಯಾರ ಜೋಡಿ ಹೊಂಟೀರಿ, ಹೊಳ್ಳಿ ಹೆಂಗ ಬರ್ತೀರಿ?’ ಎಂದು ಕೇಳಿದರೆ ಉತ್ತರವಾದರೂ ಬಂದೀತು.

ಇನ್ನು ಎರಡನೆಯ ಬಾಗಿಲಿನ ಮಾತು. ಅದು ಹೋಟೆಲಿನ ಹಿಂಬದಿಗಿದೆ. ಸಿಬ್ಬಂದಿ ಒಳಬರುವ ಬಾಗಿಲು. ನಮ್ಮ ಜಿಲ್ಲೆಯ ಎಷ್ಟೋ ಜನ ಗೋವಾ, ಪುಣೆ, ಮುಂಬಯಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಹೋಟೆಲ್ ಸೇರುವವರೂ ಇದ್ದಾರೆ. ಹೊಸ ವರ್ಷದ ರಾತ್ರಿ ಅವರಿಗೆ ರಜೆಯಿಲ್ಲ. ಮಧ್ಯಾಹ್ನವೇ ಬಂದು ಮೇಜು ಜೋಡಿಸಿ, ಗ್ಲಾಸು ಒರೆಸಿ, ಬಿಸಿಪಾತ್ರೆಗಳಡಿ ಉರಿ ಹಚ್ಚಿ, ಅತಿಥಿಗಳು ಕುಣಿದು ದಣಿದು ಹೋದಮೇಲೆ ಎಲ್ಲ ತೆಗೆದು, ಮುಂಜಾನೆಯ ಉಪಾಹಾರಕ್ಕೆ ಮತ್ತೆ ಮೇಜು ಹಾಕಬೇಕು. ಹನ್ನೆರಡು ಹೊಡೆದಾಗ ಕೈಯಲ್ಲಿ ತಟ್ಟೆ ಇರುತ್ತದೆ.

‘ಮಂದಿ ಎಂಜಲಾ ಎತ್ತಾಕ ಮಗನ್ನ ಓದಸಬೇಕೇನು?’ ಎಂದು ನಮ್ಮಲ್ಲಿ ಅನ್ನುವವರುಂಟು. ಈ ಮಾತು ನನಗೆ ಎಂದೂ ಹಿಡಿಸಿಲ್ಲ. ಕಾಯಕದ ಮಾತು ಹೇಳಿದ ಬಸವಣ್ಣ ಹುಟ್ಟಿದ ತಾಲ್ಲೂಕಿನಲ್ಲೇ ಹೀಗೆ ಅಂದರೆ! ಇದು ಕಲಿತು ಮಾಡುವ ಉದ್ಯೋಗ. ರಾಷ್ಟ್ರೀಯ ಮಂಡಳಿಯಡಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಮೂರು ವರ್ಷದ ಬಿ.ಎಸ್‌ಸಿ. ಇದೆ, ಬೆಂಗಳೂರಿನಲ್ಲೂ ಅಂಥ ಸಂಸ್ಥೆಯಿದೆ. ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದಿಲ್ಲ, ಕಲಾ ವಿಭಾಗದವರೂ ಅರ್ಜಿ ಹಾಕಬಹುದು. ಆದರೆ ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಅದರಲ್ಲಿ ಇಂಗ್ಲಿಷಿನದೇ ಭಾರ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಎಡವುವುದು ಅಲ್ಲೇ. ಪಿಯುಸಿ ಮೊದಲ ವರ್ಷದಿಂದಲೇ ದಿನಕ್ಕೊಂದು ಪುಟ ಓದಿದರೆ ದಾಟಬಹುದು. ಅಡುಗೆ, ಊಟ ಬಡಿಸುವುದು, ಕೋಣೆಗಳ ನಿರ್ವಹಣೆ, ಮುಂಗಟ್ಟೆಯ ಸ್ವಾಗತ, ಈ ನಾಲ್ಕೂ ಕಲಿತು, ತಿಂಗಳುಗಟ್ಟಲೆ ಹೋಟೆಲಿನಲ್ಲಿ ತರಬೇತಿ ಪಡೆಯಬೇಕು. ಮೊದಮೊದಲು ಸಂಬಳ ಕಡಿಮೆ, ನಿಂತು ನಿಂತು ಕಾಲು ಬಾವು ಬರುತ್ತದೆ, ದೀಪಾವಳಿಗೆ ಊರಿಗೆ ಬರಲಾಗುವುದಿಲ್ಲ. ಇದನ್ನು ಮುಚ್ಚಿಟ್ಟು ಮಗನನ್ನು ಸೇರಿಸಿದರೆ ಅವನು ಆರು ತಿಂಗಳಿಗೆ ಬಿಟ್ಟು ಬರುತ್ತಾನೆ.

ಹೆಸರಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಬೋರ್ಡು ಹಾಕಿ ಶುಲ್ಕ ಎಣಿಸುವ ಖಾಸಗಿ ಕೇಂದ್ರಗಳೂ ಇವೆ. ಪಾಲಕರು ಹೋಗಿ ಅಡುಗೆಮನೆ ತೋರಿಸಿರೆಂದು ಕೇಳಬೇಕು. ಪದವಿ ಯಾವ ವಿಶ್ವವಿದ್ಯಾಲಯದ್ದು, ತರಬೇತಿಗೆ ಕಳಿಸುವುದು ಯಾವ ಹೋಟೆಲಿಗೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದೂ ಕೇಳಬೇಕು. ಉತ್ತರ ಹೇಳಲು ತಡವರಿಸಿದರೆ, ಸಿಂದಗಿಗೆ ರಾತ್ರಿ ಬಸ್ಸು ಇದ್ದೇ ಇದೆ, ಮಗನನ್ನು ಕರೆದುಕೊಂಡು ಹತ್ತಿಬಿಡಿ.