ಹಳಿ ಹೊತ್ತ ಭಾರ

ರೈಲಿನ ಚರಿತ್ರೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಉಗಿಯಂತ್ರ. ಅದರ ಭಾರವನ್ನೆಲ್ಲ ಹೊತ್ತು ನೆಲಕ್ಕಂಟಿ ಮಲಗಿರುವ ಹಳಿಯನ್ನು ಕುರಿತು ಮಾತನಾಡುವವರು ವಿರಳ. ಹಳಿ ಸೋತಿದ್ದರೆ ಯಂತ್ರವೂ ಗೆಲ್ಲುತ್ತಿರಲಿಲ್ಲ ಎಂಬುದೇ ನಾನು ಈ ಹೊತ್ತು ನಿವೇದಿಸಬಯಸುವ ಮಾತು.

1804ರಲ್ಲಿ ರಿಚರ್ಡ್ ಟ್ರೆವಿಥಿಕ್ ವೇಲ್ಸ್ ಸೀಮೆಯ ಪೆನಿಡ್ಯಾರನ್ನಿನಲ್ಲಿ ತನ್ನ ಉಗಿಬಂಡಿಯನ್ನು ಓಡಿಸಿ ತೋರಿಸಿದನು. ಬಂಡಿ 10 ಟನ್ ಕಬ್ಬಿಣವನ್ನು ಎಳೆದದ್ದು ನಿಜ. ಆದರೆ ಅದರ ಭಾರಕ್ಕೆ ಕೆಳಗಿನ ಹಳಿಗಳು ಮುರಿದವು. ಅವು ಎರಕದ ಕಬ್ಬಿಣದವು. ಆ ಕಬ್ಬಿಣದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಇಂಗಾಲ. ಅದು ಅದುಮುವ ಭಾರವನ್ನು ತಾಳೀತು, ಎಳೆತವನ್ನು ತಾಳದು. ಎರಡು ಆಧಾರಗಳ ನಡುವೆ ಹಳಿ ತುಸುವೇ ಬಾಗಿದರೂ ಅದರ ಅಡಿಭಾಗ ಹಿಗ್ಗಬೇಕಾಗುತ್ತದೆ, ಹಿಗ್ಗಲಾರದೆ ಬಿರಿಯುತ್ತದೆ.

ಇದಕ್ಕೆ ಪರಿಹಾರ ಮೆದುಕಬ್ಬಿಣ. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಕಲಕಿ ಇಂಗಾಲವನ್ನು ಉರಿಸಿ ಕಳೆಯುವ ಕ್ರಮಕ್ಕೆ ಹೆನ್ರಿ ಕಾರ್ಟ್ 1784ರಲ್ಲಿಯೇ ಪೇಟೆಂಟ್ ಪಡೆದಿದ್ದನು. 1820ರಲ್ಲಿ ಬೆಡ್ಲಿಂಗ್ಟನ್ ಕಾರ್ಖಾನೆಯ ಜಾನ್ ಬರ್ಕಿನ್‌ಷಾ, ಕಾದ ಮೆದುಕಬ್ಬಿಣವನ್ನು ಗಾಡಿ ಕೊರೆದ ಉರುಳೆಗಳ ನಡುವೆ ಹಾಯಿಸಿ 15 ಅಡಿ ಉದ್ದದ ಹಳಿಗಳನ್ನು ತೆಗೆಯುವ ಬಗೆಯನ್ನು ತೋರಿಸಿದನು. ಎರಕದ ಹಳಿಗಳ ಉದ್ದ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಮಾತ್ರ. ಹಳಿ ಉದ್ದವಾದಂತೆ ಕೀಲುಗಳೂ ಕುಲುಕಾಟವೂ ಕಡಿಮೆಯಾದವು. ಜಾರ್ಜ್ ಸ್ಟೀಫನ್‌ಸನ್ ಎರಕದ ಹಳಿಯೊಂದರ ಪೇಟೆಂಟಿನಲ್ಲಿ ಸ್ವತಃ ಪಾಲುದಾರ. ಆದರೂ 1825ರಲ್ಲಿ ತೆರೆದ ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗಕ್ಕೆ ಅವನು ಶಿಫಾರಸು ಮಾಡಿದ್ದು ಈ ಮೆದುಕಬ್ಬಿಣದ ಹಳಿಯನ್ನೇ. ಸ್ವಂತ ಲಾಭಕ್ಕಿಂತ ಸತ್ಯ ದೊಡ್ಡದೆಂದು ನಡೆದುಕೊಂಡ ಈ ಪ್ರಸಂಗ ನನಗೆ ಅವನ ಯಂತ್ರಗಳಷ್ಟೇ ಪ್ರಿಯ.

ಮೆದುಕಬ್ಬಿಣ ಮುರಿಯಲಿಲ್ಲ, ಆದರೆ ಸವೆಯಿತು. ಕಬ್ಬಿಣದ ಪಟ್ಟಿಗಳನ್ನು ಒಟ್ಟಿ, ಕಾಯಿಸಿ, ಬೆಸೆದು ಮಾಡಿದ ಹಳಿಯೊಳಗೆ ಕಿಟ್ಟದ ಎಳೆಗಳು ಉಳಿದಿರುತ್ತಿದ್ದವು. ಚಕ್ರಗಳ ತುಳಿತಕ್ಕೆ ಅದು ಪದರ ಪದರವಾಗಿ ಸುಲಿಯತೊಡಗಿತು. ಡರ್ಬಿ ನಿಲ್ದಾಣದ ದಟ್ಟ ಸಂಚಾರದ ಒಂದೆಡೆಯಲ್ಲಿ ಆರು ತಿಂಗಳಿಗೊಮ್ಮೆ ಹಳಿ ಬದಲಿಸಬೇಕಾಗುತ್ತಿತ್ತು.

1856ರಲ್ಲಿ ಹೆನ್ರಿ ಬೆಸ್ಸೆಮರ್, ಕರಗಿದ ಕಬ್ಬಿಣದೊಳಕ್ಕೆ ಗಾಳಿಯೂದಿ ಕೆಲವೇ ನಿಮಿಷಗಳಲ್ಲಿ ಉಕ್ಕು ಮಾಡುವ ವಿಧಾನವನ್ನು ಪ್ರಕಟಿಸಿದನು. ಆದರೆ ಊದಿದ ಗಾಳಿಯ ಆಮ್ಲಜನಕ ಲೋಹದಲ್ಲಿ ಉಳಿದು, ಕಾದಾಗ ಉಕ್ಕು ಬಿರಿಯುತ್ತಿತ್ತು. ರಾಬರ್ಟ್ ಮಷೆಟ್ ಅದಕ್ಕೆ ಮ್ಯಾಂಗನೀಸ್ ಬೆರೆತ ಕಬ್ಬಿಣವನ್ನು ಸೇರಿಸಿದನು. ಮ್ಯಾಂಗನೀಸ್ ಆಮ್ಲಜನಕವನ್ನು ಸೆಳೆದುಕೊಂಡಿತು. ಬೇಕಾದಷ್ಟು ಇಂಗಾಲವೂ ಮರಳಿ ಕೂಡಿತು. ಅವನ ಉಕ್ಕಿನ ಹಳಿಯನ್ನು 1857ರಲ್ಲಿ ಡರ್ಬಿಯ ಅದೇ ಜಾಗದಲ್ಲಿ ಹಾಸಿದರು. ಅದು 1873ರವರೆಗೆ, ಹದಿನಾರು ವರ್ಷ, ಬಾಳಿತು.

ಹಳಿ ಬಾಳಿತು, ಮಷೆಟ್ ಬಾಳಲಿಲ್ಲ. 1859ರಲ್ಲಿ ಶುಲ್ಕ ಸಲ್ಲದೆ ಅವನ ಪೇಟೆಂಟ್ ರದ್ದಾಯಿತು. ಅವನು ಸಾಲದಲ್ಲಿ ಮುಳುಗಿದ್ದಾಗ, 1866ರಲ್ಲಿ, ಹದಿನಾರರ ಮಗಳು ಮೇರಿ ಒಬ್ಬಳೇ ಲಂಡನ್ನಿಗೆ ಹೋಗಿ ಬೆಸ್ಸೆಮರನ ಮುಂದೆ ನಿಂತು, ನಿಮ್ಮ ಯಶಸ್ಸಿನಲ್ಲಿ ನಮ್ಮ ತಂದೆಯ ಪಾಲಿದೆ ಎಂದು ವಾದಿಸಿದಳು. ಬೆಸ್ಸೆಮರ್ ಕಾನೂನಿನ ಹೊಣೆಯನ್ನು ಒಪ್ಪಲಿಲ್ಲ. ಆದರೆ ಸಾಲ ತೀರಿಸಲು ಹಣವಿತ್ತು, ಮುಂದೆ ಮಷೆಟ್‌ಗೆ ವರ್ಷಕ್ಕೆ 300 ಪೌಂಡಿನಂತೆ ಕೊಡುತ್ತ ಬಂದನು.

ಉಕ್ಕಿನ ವಿಧಾನಕ್ಕೆ ಬೆಸ್ಸೆಮರನ ಹೆಸರು ನಿಂತಿತು. ಅದು ನ್ಯಾಯವೂ ಹೌದು. ಆದರೆ ಇಂದಿನ ಹಳಿಯ ಉಕ್ಕಿನಲ್ಲಿಯೂ ಮ್ಯಾಂಗನೀಸ್ ಇದೆಯೆಂಬುದನ್ನು ಕೇಳುಗರು ಮರೆಯಬಾರದೆಂದು ನನ್ನ ವಿನಂತಿ.