ಗಣಕಗುಚ್ಛಗಳ ನಿರ್ವಾಹ: ವಿದ್ಯುತ್ತಿನ ಉಪಮೆಯೂ ಪಹಣಿಯ ನಿದರ್ಶನವೂ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಶಕ್ತಿ ಬೇಕಾದೆಡೆಯಲ್ಲಿಯೇ ಯಂತ್ರವೂ ಇರಬೇಕೆಂಬ ನಿಯಮವು ಈ ಸೀಮೆಯಲ್ಲಿ ಅಂದಿಗೆ ಸಡಿಲಿತು. ಇಂದು ‘ಕ್ಲೌಡ್’ ಎಂಬ ಹೆಸರಿನಿಂದ ನಡೆಯುವ ಗಣಕಸೇವೆಯನ್ನು ತಿಳಿಯ ಹೇಳುವವರು ಸಾಮಾನ್ಯವಾಗಿ ಈ ವಿದ್ಯುತ್ತಿನ ಉಪಮೆಯನ್ನೇ ಕೊಡುವರು: ಗಣಕವು ದೂರದಲ್ಲೆಲ್ಲೋ ಇರುವುದು, ಬಳಸುವವನು ಬಳಸಿದಷ್ಟಕ್ಕೆ ಹಣ ತೆರುವನು. ಉಪಮೆ ಸೊಗಸಾದುದೇ, ಆದರೆ ಅದು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುವುದು.

ಆ ಅರ್ಧವನ್ನು ಮೊದಲು ನೋಡಬಹುದು. ಅನೇಕ ಗಣಕಗಳನ್ನು ಜಾಲದಿಂದ ಹೆಣೆದು ಒಂದೇ ಗಣಕದಂತೆ ದುಡಿಸಿದರೆ ಅದು ಗುಚ್ಛವೆನಿಸುವುದು. ಯಾವ ಕೆಲಸವು ಯಾವ ಗಣಕದಲ್ಲಿ ನಡೆಯಬೇಕೆಂಬುದನ್ನು ಮನುಷ್ಯನು ಗೊತ್ತುಮಾಡುವುದಿಲ್ಲ. ‘ಈ ಸೇವೆಗೆ ಮೂರು ಪ್ರತಿಗಳು ಸದಾ ಇರತಕ್ಕದ್ದು’ ಎಂದು ಅವನು ಬರೆದಿಟ್ಟರೆ, ನಿರ್ವಾಹಕ ತಂತ್ರಾಂಶವು ಇರಬೇಕಾದುದನ್ನೂ ಇರುವುದನ್ನೂ ಎಡೆಬಿಡದೆ ಹೋಲಿಸಿ, ಒಂದು ಪ್ರತಿ ನಂದಿದೊಡನೆ ಬೇರೊಂದು ಗಣಕದಲ್ಲಿ ಅದನ್ನು ಎಬ್ಬಿಸುವುದು. ಗೂಗಲ್ ಸಂಸ್ಥೆಯು 2014ರಲ್ಲಿ ಹೊರತಂದ ಇಂಥ ತಂತ್ರಾಂಶಕ್ಕೆ ‘ಕುಬರ್ನೆಟೀಸ್’ ಎಂಬ ಗ್ರೀಕ್ ಹೆಸರುಂಟು. ನಮ್ಮ ‘ಕರ್ಣಧಾರ’ನೆಂಬುದೇ ಅದರ ಅರ್ಥ. ಇದೇ ಮಾತು ಲ್ಯಾಟಿನ್ನಿನ ಮೂಲಕ ಹಾಯ್ದು ‘ಗವರ್ನಮೆಂಟ್’ ಆಯಿತೆಂಬುದು ಶಬ್ದಚರಿತ್ರೆಯ ವಿನೋದ. ಇನ್ನು ಹಂಚಿಕೆಯ ವಿಷಯ ಮಂಡ್ಯದವರಿಗೆ ಹೊಸದಲ್ಲ. ಕಬ್ಬಿಗೆ ಎಷ್ಟು, ಭತ್ತಕ್ಕೆ ಎಷ್ಟು, ರಾಗಿಗೆ ಎಷ್ಟು ಎಂಬ ಲೆಕ್ಕವಿಲ್ಲದೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಕೊನೆಯ ಭಾಗದ ಗದ್ದೆ ಒಣಗುವುದು. ಹಾಗೆಯೇ ಪ್ರತಿ ಕೆಲಸವೂ ತನಗೆ ಬೇಕಾದ ಸ್ಮೃತಿಯನ್ನೂ ಗಣನಶಕ್ತಿಯನ್ನೂ ಮೊದಲೇ ಹೇಳಿಕೊಳ್ಳಬೇಕು; ಮಿತಿಯಿಲ್ಲದೆ ಹೀರುವ ಒಂದು ಕೆಲಸವು ನೆರೆಯವನ್ನೆಲ್ಲ ಉಪವಾಸ ಕೆಡಹುವುದು.

ಇಷ್ಟರಲ್ಲಿ ಒಂದು ಗಣಕವು ಮತ್ತೊಂದಕ್ಕೆ ಸಮಾನವೆಂಬ ಭಾವನೆ ಅಡಗಿದೆ. ವಿದ್ಯುತ್ತಿಗೆ ನೆನಪಿಲ್ಲ; ಯಾವ ಚಕ್ರ ತಿರುಗಿದರೂ ದೀಪಕ್ಕೆ ಒಂದೇ. ಪಹಣಿಗೆ ಹಾಗಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯ ಪ್ರಥಮ ಪ್ರಯೋಗ ನಡೆದದ್ದು ಮದ್ದೂರು ತಾಲ್ಲೂಕಿನಲ್ಲಿ, 1990ರ ದಶಕದ ಕೊನೆಯಲ್ಲಿ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕ್ರಮೇಣ 177 ತಾಲ್ಲೂಕುಗಳ ಗಣಕಗಳಿಗೆ ಏರಿದುವು. ರೈತನು 15 ರೂಪಾಯಿ ಕೊಟ್ಟು ಪ್ರತಿ ಪಡೆಯತೊಡಗಿದನು. ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆಗ ಗಣಕದೊಳಗಿನ ಸಾಲೊಂದೇ ಹೊಲದ ಒಡೆತನಕ್ಕೆ ಸಾಕ್ಷಿಯಾಯಿತು.

ಇಂಥ ದಾಖಲೆಯನ್ನು ಗುಚ್ಛವೊಂದರಲ್ಲಿಟ್ಟರೆ ನಿರ್ವಾಹದ ಕಠಿನಭಾಗ ಹುಟ್ಟುವುದು. ಪ್ರತಿ ಒಂದೇ ಆದರೆ ಯಂತ್ರದೊಡನೆ ಅದೂ ಅಳಿಯುವುದು. ಎರಡಾಗಿ ನಡುವಿನ ತಂತಿ ಹರಿದರೆ, ಒಂದೇ ಸರ್ವೆ ನಂಬರಿಗೆ ಒಂದೆಡೆ ಅಣ್ಣನೂ ಇನ್ನೊಂದೆಡೆ ತಮ್ಮನೂ ಒಡೆಯರಾಗಬಹುದು. ಆದುದರಿಂದ ಪ್ರತಿಗಳನ್ನು ಬೆಸಸಂಖ್ಯೆಯಲ್ಲಿರಿಸಿ, ಬಹುಮತ ಒಪ್ಪಿದ ಬರಹವನ್ನೇ ಬರಹವೆಂದು ಎಣಿಸುವರು: ಮೂರರಲ್ಲಿ ಎರಡು, ಐದರಲ್ಲಿ ಮೂರು. ಅಲ್ಪಸಂಖ್ಯೆಯ ಕಡೆ ಉಳಿದ ಗಣಕವು ಸುಸ್ಥಿತಿಯಲ್ಲಿದ್ದರೂ ಹೊಸದೇನನ್ನೂ ಬರೆಯಲೊಲ್ಲದು. ಸೇವೆ ನಿಂತಿತೆಂದು ಕಾದು ನಿಂತವನು ಬೈಯಬಹುದು. ಆ ನಿರಾಕರಣೆಯು ಅವನ ಹೊಲವನ್ನೇ ಕಾಯುತ್ತಿರುವುದು.

ಬಹುಮತವು ಪ್ರತಿಗಳ ಐಕ್ಯವನ್ನು ಮಾತ್ರ ಕಾಯುವುದೆಂಬುದನ್ನು ಮರೆಯಲಾಗದು. ತಪ್ಪು ಹೆಸರನ್ನು ಬರೆದರೆ ಮೂರು ಗಣಕಗಳೂ ತಪ್ಪನ್ನೇ ನಿಷ್ಠೆಯಿಂದ ಕಾಪಾಡುವುವು. ಅಳಿಸಿದರೆ ಮೂರೂ ಅಳಿಸುವುವು. ಅದಕ್ಕಾಗಿ ಹಳೆಯ ದಿನಾಂಕದ ನಕಲುಗಳನ್ನು ಗುಚ್ಛದ ಹೊರಗೆ ಇಡಬೇಕು. ಅವು ಮರಳಿ ಓದಿಸಿಕೊಳ್ಳುವುವೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ಗಣಕಗಳ ಸಮ್ಮತಿ ಕ್ಷಣಾರ್ಧದಲ್ಲಿ ಮುಗಿಯುವುದು. ‘ಭೂಮಿ’ಯ ಆರಂಭದಲ್ಲಿ ಖಾತೆ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ನೆರೆಹೊರೆಯವರಿಗೆ ಇದ್ದ ಅವಧಿ 30 ದಿನ.