ಲಾರಿಯ ಪಟ್ಟಿ ಚಾಕುವಾಗುವ ಕುಲುಮೆ

ಮಲೆನಾಡಿನ ಸಣ್ಣ ಪೇಟೆಯೊಂದರ ಅಂಚಿನಲ್ಲಿರುವ ಈ ಕುಲುಮೆಗೆ ಫಲಕವಿಲ್ಲ. ರಸ್ತೆ ಬದಿಯ ಗುಜರಿ ರಾಶಿಯೇ ಅದರ ಗುರುತು. ತಗಡಿನ ಮಾಡು, ಮೂರು ಕಡೆ ಗೋಡೆ, ಹಿಂದುಗಡೆ ಎರಕದ ಕೆಲಸಕ್ಕೆಂದು ಹಾಕಿದ ತೆರೆದ ಚಪ್ಪರ. ಗೇಣುದ್ದದ ಅಲಗಿನ ತೋಟದ ಚಾಕು ಗುಜರಿಯಿಂದ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂದು ಅಲ್ಲಿಗೆ ಹೋದೆ. ನೋಡಲು ಅಡ್ಡಿಯಿಲ್ಲ ಎಂದರು. ಷರತ್ತು ಒಂದೇ: ಬೆಂಕಿಯಿಂದ ಲೋಹ ಹೊರಗೆ ಬಂದಾಗ ದಾರಿಗೆ ಅಡ್ಡ ನಿಲ್ಲಬಾರದು.

ಮೊದಲು ನಿಂತದ್ದು ಆ ರಾಶಿಯ ಮುಂದೆಯೇ. ನನ್ನ ಕಣ್ಣಿಗೆ ಎಲ್ಲವೂ ಒಂದೇ ತುಕ್ಕು. ಕೆಲಸಗಾರರು ಅದನ್ನು ನಾಲ್ಕಾರು ಗುಂಪು ಮಾಡಿಟ್ಟಿದ್ದರು. ಮನೆ ಕಟ್ಟುವ ಸರಳಿನ ತುಂಡುಗಳು ಒಂದು ಕಡೆ. ಅವುಗಳಲ್ಲಿ ಇಂಗಾಲ ಶೇಕಡಾ 0.3ರೊಳಗೆ ಇರುವುದರಿಂದ ಎಷ್ಟು ಕಾಯಿಸಿ ಅದ್ದಿದರೂ ಹರಿತ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಸವೆದ ಅರಗಳು ಒಂದು ಡಬ್ಬಿಯಲ್ಲಿ. ಅವುಗಳಲ್ಲಿ ಇಂಗಾಲ ಶೇ 1ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಒಡೆದ ಪಂಪಿನ ಕವಚ, ಹೊಲಿಗೆ ಯಂತ್ರದ ಕಾಲು ಇನ್ನೊಂದು ಕಡೆ. ಅದು ಎರಕದ ಕಬ್ಬಿಣ. ಅದರಲ್ಲಿ ಶೇ 2ರಿಂದ 4ರಷ್ಟು ಇಂಗಾಲವಿದ್ದು, ಸುತ್ತಿಗೆಯ ಏಟಿಗೆ ಚಪ್ಪಟೆಯಾಗುವ ಬದಲು ಚೂರಾಗುತ್ತದೆ. ಚಾಕುವಿಗೆ ಆರಿಸಿದ್ದು ಲಾರಿಯ ಕಮಾನು ಪಟ್ಟಿಯ ಒಂದು ತುಂಡು. ಸಾವಿರಾರು ಸಲ ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕು ಅದು. ಸಾಮಾನ್ಯವಾಗಿ ಶೇ 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ ಇರುತ್ತದೆ.

ಆ ತುಂಡು ಯಾವ ಲಾರಿಯದು, ಎಷ್ಟು ವರ್ಷ ಓಡಿತ್ತು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುಜರಿಯ ಜೊತೆಗೆ ಪ್ರಮಾಣಪತ್ರ ಬರುವುದಿಲ್ಲ. ಅದಕ್ಕೇ ಪರೀಕ್ಷೆ. ಪಟ್ಟಿಯ ತುದಿಯನ್ನು ತಿರುಗುವ ಸಾಣೆಗೆ ಒತ್ತಿದರು. ಕಿಡಿಗಳು ಸ್ವಲ್ಪ ದೂರ ಹಾರಿ ಕವಲೊಡೆದು ಸಿಡಿದವು. ಪಕ್ಕದಲ್ಲೇ ಸರಳಿನ ತುಂಡನ್ನು ಒತ್ತಿದಾಗ ಕಿಡಿಗಳು ನೀಳ ಗೆರೆಗಳಾಗಿ ಸಾಗಿ ಹಾಗೇ ಆರಿದವು. ಇಂಗಾಲ ಹೆಚ್ಚಿದಷ್ಟೂ ಕಿಡಿ ಕವಲೊಡೆಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗ ವ್ಯತ್ಯಾಸ ಸ್ಪಷ್ಟವಿತ್ತು. ಒಂದನ್ನೇ ತೋರಿಸಿ ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ. ಆಮೇಲೆ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟು ಬಿರುಕಿದ್ದರೂ ಎಣ್ಣೆ ಅಲ್ಲಿ ಉಳಿದು ಜಿನುಗುತ್ತದೆ. ದುಡಿದು ದಣಿದ ಪಟ್ಟಿಯಲ್ಲಿ ಇಂಥ ಬಿರುಕು ಇರುವುದು ಅಪರೂಪವಲ್ಲ. ಮುಂದೆ ಅದೇ ಜಾಗದಲ್ಲಿ ಚಾಕು ಮುರಿಯುತ್ತದೆ. ಸತುವಿನ ಲೇಪವಿರುವ ನೀರಿನ ಕೊಳವೆಗಳನ್ನು ಬೆಂಕಿಯಿಂದ ದೂರ ಬೇರೆಯೇ ಇಟ್ಟಿದ್ದರು. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತದೆ.

ಒಳಗೆ ಕಾಲಿಟ್ಟಾಗ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕಾಯಿತು. ಬೆಳಕಿನ ವ್ಯವಸ್ಥೆ ಸಾಲದು ಎಂದುಕೊಂಡೆ; ಒಲೆಯ ಮುಂದೆ ನಿಂತಾಗ ಕಾರಣ ತಿಳಿಯಿತು. ಇಲ್ಲಿ ಉಷ್ಣಮಾಪಕವಿಲ್ಲ. ಬಿಸಿಯನ್ನು ಬಣ್ಣದಿಂದ ಅಳೆಯುತ್ತಾರೆ, ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ. ಚರ್ಮದ ತಿದಿ ಮೂಲೆಯಲ್ಲಿ ಒರಗಿತ್ತು, ಅದರ ಕೆಲಸವನ್ನು ಈಗ ಸಣ್ಣ ವಿದ್ಯುತ್ ಬೀಸಣಿಗೆ ಮಾಡುತ್ತಿದೆ. ಇದ್ದಿಲು ಮಾತ್ರ ಹಳೆಯದೇ. ಪಟ್ಟಿ ಮೊದಲು ಮಂಕು ಕೆಂಪಾಯಿತು, ಆಮೇಲೆ ಕಿತ್ತಳೆ. ಬಡಿಯಲು ಬೇಕಾದ ಬಿಸಿ ಸುಮಾರು 900ರಿಂದ 1100 ಡಿಗ್ರಿ. ಅದಕ್ಕಿಂತ ಮುಂದೆ ಹೋಗಿ ಹಳದಿ ಬಿಳಿಯಾಗಿ ಕಿಡಿ ಉದುರತೊಡಗಿದರೆ ಉಕ್ಕೇ ಸುಡುತ್ತಿದೆ ಎಂದರ್ಥ. ಸುಟ್ಟ ಉಕ್ಕನ್ನು ಮತ್ತೆ ಹದಕ್ಕೆ ತರಲಾಗುವುದಿಲ್ಲ, ಕತ್ತರಿಸಿ ಎಸೆಯಬೇಕು.

ಇಕ್ಕಳದಲ್ಲಿ ಹಿಡಿದ ಪಟ್ಟಿ ಅಡಗಲ್ಲಿನ ಮೇಲೆ ಬಂತು. ಒಬ್ಬರು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾರೆ, ಇನ್ನೊಬ್ಬರು ಅಲ್ಲಿಗೇ ಚಮ್ಮಟಿಗೆ ಹಾಕುತ್ತಾರೆ. ಮಾತೇ ಇಲ್ಲ. ಮೊದಲು ಕಮಾನಿನ ಬಾಗು ತೆಗೆದರು, ಆಮೇಲೆ ತುದಿಯನ್ನು ಚೂಪು ಮಾಡಿದರು, ಇನ್ನೊಂದು ಕಡೆ ಹಿಡಿಕೆಯೊಳಗೆ ಹೋಗುವ ಬಾಲ ಎಳೆದರು. ಮುಂದಿನ ಹೆಜ್ಜೆ ನನಗೆ ವಿಚಿತ್ರವಾಗಿ ಕಂಡಿತು. ನೆಟ್ಟಗಾಗಿದ್ದ ಅಲಗನ್ನು ಬಾಯಿಯ ಕಡೆಗೆ ಬಾಗಿಸಿ ಕುಡುಗೋಲಿನ ಆಕಾರಕ್ಕೆ ತಂದರು. ಇದೇಕೆ ಎಂದು ಕೇಳುವ ಮೊದಲೇ ಉತ್ತರ ಕಣ್ಣ ಮುಂದಿತ್ತು. ಬಾಯಿಯ ಅಂಚನ್ನು ಬಡಿದು ತೆಳುವಾಗಿಸಿದಂತೆ ಆ ಬದಿ ಉದ್ದವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಹಾಗಾಗಿ ಅಲಗು ಬೆನ್ನಿನ ಕಡೆಗೆ ತಾನಾಗಿ ಏಳುತ್ತದೆ. ಮೊದಲೇ ಎದುರು ದಿಕ್ಕಿಗೆ ಬಾಗಿಸಿದ್ದರಿಂದ ಬಡಿತ ಮುಗಿಯುವಾಗ ಚಾಕು ನೆಟ್ಟಗಿತ್ತು. ಬಣ್ಣ ಮಂಕಾದ ಕೂಡಲೇ ಸುತ್ತಿಗೆ ನಿಲ್ಲುತ್ತಿತ್ತು. ತಣಿಯುತ್ತಿರುವ ಉಕ್ಕನ್ನು ಬಡಿದರೆ ಒಳಗೇ ಬಿರುಕು ಬಿಡುತ್ತದೆ. ಪ್ರತಿ ಏಟಿಗೂ ಕಪ್ಪು ಚಿಪ್ಪುಗಳು ಉದುರಿ ಅಡಗಲ್ಲಿನ ಬುಡದಲ್ಲಿ ರಾಶಿ ಬೀಳುತ್ತಿದ್ದವು.

ಬಡಿತ ಮುಗಿದ ಅಲಗನ್ನು ಮತ್ತೊಮ್ಮೆ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತರು. ನಿಧಾನವಾಗಿ ತಣಿದಷ್ಟೂ ಉಕ್ಕು ಮೆತ್ತಗಾಗಿ ಅರಕ್ಕೆ ಸಿಗುತ್ತದೆ. ಅದು ತಣಿಯುವವರೆಗೆ ನನ್ನನ್ನು ಹಿಂದಿನ ಚಪ್ಪರಕ್ಕೆ ಕರೆದೊಯ್ದರು.

ಇಲ್ಲಿ ಕೆಲಸದ ರೀತಿಯೇ ಬೇರೆ. ಅಲಗು ಹಿಡಿಕೆಗೆ ಸೇರುವಲ್ಲಿ ಕೂರುವ ಹಿತ್ತಾಳೆಯ ಕೊರಳನ್ನು ಎರಕ ಹೊಯ್ಯುವುದು ಇಲ್ಲಿ. ಮುರಿದ ನಲ್ಲಿ, ತೂತಾದ ಚೊಂಬು, ದೀಪದ ಕಾಲು ಮೂಸೆಗೆ ಬಿದ್ದವು. ಮರದಲ್ಲಿ ಕೆತ್ತಿದ ಮಾದರಿಯನ್ನು ಜೇಡಿ ಬೆರೆತ ಮರಳಿನ ಪೆಟ್ಟಿಗೆಯಲ್ಲಿ ಒತ್ತಿ, ಎರಡು ಭಾಗವಾಗಿ ಬಿಡಿಸಿ, ಮಾದರಿ ತೆಗೆದು ಮತ್ತೆ ಜೋಡಿಸಿದರು. ಮಾದರಿ ಬೇಕಾದ ಅಳತೆಗಿಂತ ತುಸು ದೊಡ್ಡದಿತ್ತು. ಕರಗಿದ ಹಿತ್ತಾಳೆ ಗಟ್ಟಿಯಾಗುವಾಗ ಕುಗ್ಗುತ್ತದೆ, ಆ ಲೆಕ್ಕ ಮರದಲ್ಲೇ ಸೇರಿದೆ. ಹಿತ್ತಾಳೆ ಕರಗುವುದು ಸುಮಾರು 900ರಿಂದ 940 ಡಿಗ್ರಿಯಲ್ಲಿ. ಅದರಲ್ಲಿರುವ ಸತು ಅಷ್ಟೇ ಬಿಸಿಗೆ ಆವಿಯಾಗಲು ಹವಣಿಸುತ್ತದೆ. ಮೂಸೆಯ ಬಾಯಿಂದ ಬಿಳಿ ಹೊಗೆ ಎದ್ದಾಗ ಎಲ್ಲರೂ ಗಾಳಿ ಬರುವ ಕಡೆಗೆ ಸರಿದರು, ನನ್ನನ್ನೂ ಎಳೆದುಕೊಂಡರು. ಈ ಚಪ್ಪರಕ್ಕೆ ಗೋಡೆಯಿಲ್ಲದಿರುವುದು ಆ ಹೊಗೆಯಿಂದಾಗಿಯೇ.

ಹೊಯ್ಯುವ ಮೊದಲು ಸೌಟನ್ನೂ ಕಬ್ಬಿಣದ ಕಡ್ಡಿಯನ್ನೂ ಒಲೆಯ ಮೇಲೆ ಹಿಡಿದು ಒಣಗಿಸಿದರು. ಲೋಹದೊಳಗೆ ಒಂದು ಹನಿ ನೀರು ಸಿಕ್ಕಿಬಿದ್ದರೂ ಅದು ಸುಮಾರು 1,700 ಪಟ್ಟು ಹಿಗ್ಗುವ ಹಬೆಯಾಗಿ, ಕರಗಿದ ಹಿತ್ತಾಳೆಯನ್ನು ಮುಖಕ್ಕೆ ಎರಚುತ್ತದೆ. ನಾನು ನೋಡಿದಷ್ಟರಲ್ಲಿ ಕೆಲಸಗಾರರು ಅತ್ಯಂತ ಗಂಭೀರವಾಗಿದ್ದ ಗಳಿಗೆ ಇದೇ. ಹೊಯ್ದದ್ದು ಕೆಲವೇ ಕ್ಷಣ. ಪೆಟ್ಟಿಗೆ ಒಡೆದಾಗ ಒರಟಾದ ಹಳದಿ ತುಂಡೊಂದು ಮರಳು ಮೆತ್ತಿಕೊಂಡು ಹೊರಬಂತು.

ಇದನ್ನು ಅಲಗಿನ ಮೇಲೇ ನೇರವಾಗಿ ಎರೆದುಬಿಟ್ಟರೆ ಕೆಲಸ ಸುಲಭವಲ್ಲವೇ ಎಂದು ಕೇಳಿದೆ. ಹದ ಮಾಡಿದ ಅಲಗಿಗೆ 900 ಡಿಗ್ರಿಯ ಲೋಹ ತಾಗಿದರೆ ಆ ಹದ ಅಲ್ಲಿಗೇ ಮುಗಿಯಿತು. 660 ಡಿಗ್ರಿಯಲ್ಲೇ ಕರಗುವ ಅಲ್ಯೂಮಿನಿಯಂ ಹೊಯ್ದರೂ ಅದೇ ಗತಿ. ಆದ್ದರಿಂದ ಕೊರಳನ್ನು ಬೇರೆಯಾಗಿ ಎರೆದು, ನಡುವೆ ಸೀಳು ತೆಗೆದು, ಬಾಲದ ಮೇಲೆ ಏರಿಸುತ್ತಾರೆ. ಅಲಗನ್ನೇ ಎರೆಯಬಾರದೇಕೆ ಎಂಬುದಕ್ಕೆ ಉತ್ತರ ಹೊರಗಿನ ರಾಶಿಯಲ್ಲೇ ಇತ್ತು: ಎರಕದ ಕಬ್ಬಿಣದ ತೆಳು ಅಂಚು ಚಕ್ಕೆಯೇಳುತ್ತದೆ, ಹಿತ್ತಾಳೆಯದು ಮಡಚಿಕೊಳ್ಳುತ್ತದೆ. ಆದರೆ ನಮ್ಮ ನೆಲದಲ್ಲಿ ಮೂಸೆಗೂ ಉಕ್ಕಿಗೂ ಹಳೆಯ ನಂಟಿದೆ. 1800ರ ಹೊತ್ತಿಗೂ ಮೈಸೂರು ಸೀಮೆಯಲ್ಲಿ ಕಬ್ಬಿಣದ ತುಂಡುಗಳನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅಲ್ಲೂ ಮೂಸೆಯಿಂದ ಬಂದದ್ದು ಉಕ್ಕಿನ ಗಟ್ಟಿ ಮಾತ್ರ. ಅದು ಅಲಗಾಗಬೇಕಾದರೆ ಸುತ್ತಿಗೆಯ ಕೆಳಗೆ ಬರಲೇಬೇಕಿತ್ತು.

ಮತ್ತೆ ಕತ್ತಲೆಯ ಒಳಮನೆಗೆ. ಬೂದಿಯಿಂದ ತೆಗೆದ ಅಲಗನ್ನು ಅರದಿಂದ ತಿದ್ದಿದ್ದರು, ಆದರೆ ಬಾಯಿಯನ್ನು ಹರಿತ ಮಾಡದೆ ಒಂದು ಮಿಲಿಮೀಟರಿನಷ್ಟು ದಪ್ಪ ಬಿಟ್ಟಿದ್ದರು. ತೀರ ತೆಳುವಾದ ಅಂಚು ಅದ್ದುವಾಗ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಈಗ ಬಿಸಿ ಗುರುತಿಸಲು ಬಣ್ಣದ ಜೊತೆಗೆ ತಂತಿಗೆ ಕಟ್ಟಿದ ಅಯಸ್ಕಾಂತವೂ ಬಂತು. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೂ ತುಸು ಕಾಯಿಸಿ, ತುದಿ ಮುಂದಾಗಿ ನೆಟ್ಟಗೆ ಎಣ್ಣೆಗೆ ಇಳಿಸಿದರು. ಭುಗ್ಗೆಂದು ಜ್ವಾಲೆ ಎದ್ದು ಇಳಿಯಿತು, ಕರಿದ ತಿಂಡಿಯ ವಾಸನೆ ತುಂಬಿತು. ಅದು ಬಳಸಿ ಬಿಟ್ಟ ಅಡುಗೆ ಎಣ್ಣೆ. ನೀರು ಏಕಲ್ಲ ಎಂದರೆ, ನೀರು ತೀರ ವೇಗವಾಗಿ ತಣಿಸುತ್ತದೆ, ಈ ಜಾತಿಯ ಉಕ್ಕು ಬಿರಿಯಬಹುದು. ಹೊರತೆಗೆದ ಅಲಗಿನ ಮೇಲೆ ಅರ ಎಳೆದಾಗ ಅದು ಕಚ್ಚದೆ ಜಾರಿತು. ಉಕ್ಕು ಗಟ್ಟಿಯಾಗಿದೆ. ಆದರೆ ಈಗ ಕಲ್ಲಿನ ಮೇಲೆ ಬಿದ್ದರೆ ಮುರಿದೀತು.

ಈ ಗಡಸನ್ನು ಸ್ವಲ್ಪ ಇಳಿಸುವುದೇ ಹದ. ಇಡೀ ಕುಲುಮೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಕೆಲಸ ಇದು. ಅಲಗನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಕಾದ ದಪ್ಪ ಕಬ್ಬಿಣದ ಮೇಲೆ ಅದರ ಬೆನ್ನನ್ನು ಊರಿದರು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಹರಿಯತೊಡಗಿದವು: ಸುಮಾರು 200 ಡಿಗ್ರಿ ದಾಟುವಾಗ ಒಣಹುಲ್ಲಿನ ಹಳದಿ, 250ರ ಸುತ್ತ ಕಂದು, ಮುಂದೆ ನೇರಳೆ, 300ರ ಹತ್ತಿರ ನೀಲಿ. ಇದು ಉಕ್ಕಿನ ಮೈಮೇಲೆ ಕಟ್ಟುವ ಆಕ್ಸೈಡಿನ ತೆಳು ಪದರದ ಬಣ್ಣ. ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಬೆಲ್ಲದ ಪಾಕದ ಎಳೆ ನೋಡುವವರ ಹಾಗೆ ಅವರು ಕಣ್ಣು ಕದಲಿಸದೆ ಕಾದರು. ಬೆನ್ನು ನೀಲಿಯಾಗಿ, ಬಾಯಿ ಹುಲ್ಲಿನ ಬಣ್ಣಕ್ಕೆ ಬಂದ ಕೂಡಲೇ ಅಲಗು ನೀರಿಗೆ ಹೋಯಿತು. ಈಗ ಬಾಯಿ ಗಟ್ಟಿ, ಬೆನ್ನು ಬಾಗಬಲ್ಲದು. ಒಂದೇ ತುಂಡು ಉಕ್ಕಿನಲ್ಲಿ ಎರಡು ಗುಣ. ಹಳದಿ ಎಲ್ಲಿ ಮುಗಿದು ಕಂದು ಎಲ್ಲಿ ಶುರುವಾಯಿತು ಎಂದು ನನ್ನನ್ನು ಕೇಳಿದರೆ ಖಚಿತವಾಗಿ ಹೇಳಲಾರೆ. ಅವರ ಕೈ ಮಾತ್ರ ಅನುಮಾನಿಸಲಿಲ್ಲ.

ಕೊನೆಯ ಮೂಲೆ ಹಿಡಿಕೆ ಮತ್ತು ಸಾಣೆಯದು. ಬಗನಿ ಮರದ ಕರಿ ತುಂಡಿಗೆ ತೂತು ಕೊರೆದು, ಕರಗಿಸಿದ ಅರಗು ತುಂಬಿ, ಹಿತ್ತಾಳೆಯ ಕೊರಳು ತೊಟ್ಟ ಬಾಲವನ್ನು ಇಳಿಸಿದರು. ಆ ವೇಳೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿದ್ದರು. ಇಲ್ಲೂ ಹದಕ್ಕೆ ಬಿಸಿ ತಾಗಬಾರದೆಂಬ ಎಚ್ಚರ. ಅದೇ ಕಾರಣಕ್ಕೆ ಬಾಯಿ ತೆಗೆದದ್ದೂ ನೀರು ಹಾಕುತ್ತ, ನಿಧಾನವಾಗಿ. ವಿದ್ಯುತ್ ಸಾಣೆಗೆ ಒಂದೇ ಸಮನೆ ಒತ್ತಿ ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ಅಷ್ಟು ಜಾಗದಲ್ಲಿ ವ್ಯರ್ಥ. ಕಡೆಗೆ ಒಣ ಅಡಿಕೆ ಹಾಳೆಯ ಗಟ್ಟಿ ಬುಡವನ್ನು ಹಲವು ಸಲ ಕೊಯ್ದು, ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ಮಿನುಗು ಕಾಣಲಿಲ್ಲ. ಬೆಳಕು ಮಿನುಗಿದರೆ ಅಲ್ಲಿ ಅಂಚು ಮಡಚಿದೆ ಅಥವಾ ಮೊಂಡಾಗಿದೆ ಎಂದರ್ಥ.

ಗುಜರಿಯಿಂದ ಚಾಕು ಮಾಡುವುದು ಬಲದ ಕೆಲಸ ಎಂದುಕೊಂಡು ಒಳಗೆ ಹೋಗಿದ್ದೆ. ನೋಡಿ ಬಂದ ಮೇಲೆ ಅದು ಬಿಸಿಯನ್ನು ಕಾಯುವ ಕೆಲಸ ಎನ್ನುತ್ತೇನೆ. ಎಲ್ಲಿ ಏರಿಸಬೇಕು, ಎಲ್ಲಿ ತಡೆಯಬೇಕು ಎಂಬ ತಿಳಿವಳಿಕೆಗೇ ಬೆಲೆ. ಮನೆಯಲ್ಲೇ ಪ್ರಯತ್ನಿಸುವ ಮನಸ್ಸಿದ್ದವರು ಪಟ್ಟಿ ಬಡಿಯುವುದರಿಂದ ಶುರುಮಾಡಿ. ಹಿತ್ತಾಳೆ ಕರಗಿಸುವುದನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವವರೆಗೆ ಕೈಗೆತ್ತಿಕೊಳ್ಳಬೇಡಿ, ಮುಚ್ಚಿದ ಕೋಣೆಯಲ್ಲಂತೂ ಎಂದೂ ಬೇಡ. ಕೊಳ್ಳುವವರು ಹೊಳಪು ನೋಡಿ ಮರುಳಾಗದೆ ಮೂರು ಪ್ರಶ್ನೆ ಕೇಳಿ: ಯಾವ ಗುಜರಿಯ ಉಕ್ಕು, ಯಾವುದರಲ್ಲಿ ಅದ್ದಿದ್ದು, ಯಾವ ಬಣ್ಣಕ್ಕೆ ಹದ ನಿಲ್ಲಿಸಿದ್ದು. ಮೂರಕ್ಕೂ ತಡವರಿಸದೆ ಉತ್ತರ ಕೊಡುವ ಕುಲುಮೆ ನಿಮ್ಮೂರಿನ ಹತ್ತಿರ ಇನ್ನೂ ಉರಿಯುತ್ತಿದ್ದರೆ, ಮುಂದಿನ ಚಾಕುವನ್ನು ಅಲ್ಲಿಂದಲೇ ತನ್ನಿ. ಇದು ತುಕ್ಕು ಹಿಡಿಯುವ ಉಕ್ಕು. ಬಳಸಿದ ಮೇಲೆ ಒರೆಸಿ, ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಸವರಿಡಿ.